ಎರಡನೆಯ ಕೈ

ಮಡಗಾಂವಿನಾಚೆ ಗುಡ್ಡದ ಸೆಮಿನರಿ,
ಗ್ರಂಥಾಲಯದ ಕಿಟಕಿಗೆ ಗಾಜಿಲ್ಲ, ಚಿಪ್ಪಿನ ಬಿಲ್ಲೆ.
ಒಡೆದ ಹಾಲಿನಂಥ ಬೆಳಕು
ಗ್ರೀಕ್ ಹಸ್ತಪ್ರತಿಯ ಛಾಯಾಚಿತ್ರಗಳ ಮೇಲೆ.
ಪಾದ್ರಿ ಕಾಯತಾನ್ ಬರೆಟೊ, ನಾನು,
ಬೆಳಗಿನಿಂದ ಒಂದೇ ಸಾಲಿನಲ್ಲಿದ್ದೇವೆ.

ಲಿಪಿಕಾರನ ಕಣ್ಣು ಮೇಲಿನ 'ಮತ್ತು'ವಿನಿಂದ
ಕೆಳಗಿನ 'ಮತ್ತು'ವಿಗೆ ಜಾರಿದೆ;
ನಡುವಿನ ಎರಡು ಸಾಲು ನುಂಗಿ
ಏನೂ ಆಗದವನಂತೆ ಮುಂದೆ ಬರೆದಿದ್ದಾನೆ.
"ನಿದ್ದೆಗಣ್ಣು," ಅನ್ನುತ್ತಾರೆ ಪಾದ್ರಿ. ಬೈಯುವುದಿಲ್ಲ.
ಹದಿನಾಲ್ಕು ನೂರು ವರ್ಷದ ಹಿಂದಿನ ಆಕಳಿಕೆ
ನನಗೂ ಬರುತ್ತದೆ.

ಅವರು ಕಲಿಸಿದ ಮೊದಲ ಪಾಠ:
ಎರಡು ಪಾಠವಿದ್ದರೆ ತೊಡಕಿನದನ್ನು ನಂಬು,
ನುಣುಪಾದದ್ದನ್ನು ಯಾರೋ ಉಜ್ಜಿರುತ್ತಾರೆ.
ಗ್ರೀಕಿನ ನಡುವೆ ಒಂದು ಅರಾಮಿ ಮಾತು
ಅಕ್ಕಿಯೊಳಗಿನ ಕಲ್ಲಿನಂತೆ ಉಳಿದಿದ್ದರೆ
ಆರಿಸಿ ಬಿಸಾಡಬೇಡ,
ಅಲ್ಲಿ ಯಾರದೋ ಬಾಯಿ ಇನ್ನೂ ಬೆಚ್ಚಗಿದೆ.

ನನ್ನ ಚೀಲದಲ್ಲಿ ಅಪ್ಪನ ಮೂರು ಕಾಗದ.
ತಾಳಿಕೋಟೆಯವನು, ಅಕ್ಷರ ಬಾರದವನು,
ವಾಸ್ಕೋ ಧಕ್ಕೆಯಲ್ಲಿ ಅದಿರು ಹೊತ್ತವನು.
ಅಂಚೆಕಚೇರಿ ಕಟ್ಟೆಯ ಮೇಲೆ
ಪುಟಕ್ಕೆ ಎಂಟಾಣೆಯಂತೆ ಕನ್ನಡ ಬರೆಯುತ್ತಿದ್ದವನು
ಅಂಕೋಲೆಯ ಶಾನುಭಾಗನೊಬ್ಬನೇ.
ಅಪ್ಪನ ಮಾತು ಅವನ ಕಿವಿಯಲ್ಲಿ ಮಿಂದು
ಮಡಿಯುಟ್ಟು ಕಾಗದಕ್ಕೆ ಇಳಿಯುತ್ತಿತ್ತು:
'ಇತ್ತ ಸರ್ವರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯುವುದು.'
ಅವ್ವನಿಗೆ ಅಪ್ಪ ಒಂದು ದಿನವೂ 'ತಾವು' ಅಂದವನಲ್ಲ.
ಅದೇ ಸಾಲು, ಅದೇ ಕೊಂಬು, ಅದೇ ಸುಳಿ
ಪಕ್ಕದ ಹುಲಗಪ್ಪನ ಮನೆಗೂ ಬರುತ್ತಿತ್ತು,
ಹುಲಗಪ್ಪ ಕಾಲು ಮುರಿದು ಮಲಗಿದ್ದ ತಿಂಗಳಲ್ಲೂ.

ಎರಡನೆಯ ಕಾಗದದಲ್ಲಿ ಮಾತ್ರ
ಆ ಗ್ರಾಂಥಿಕದ ನಡುವೆ ಹಲ್ಲಿಗೆ ಸಿಕ್ಕ ಕಲ್ಲು:
'ಕುಂಟ ಕೋಳಿ ಮಾರಬ್ಯಾಡ.'
ಹಿಂದಿಲ್ಲ, ಮುಂದಿಲ್ಲ.
ತಿದ್ದುವುದು ಶಾನುಭಾಗನಿಗೂ ತೋಚಿಲ್ಲ.
ನನಗೆ ಸಿಕ್ಕ ಅಪ್ಪ
ಇಷ್ಟೇ. ಮೂರು ಶಬ್ದ.

ಮೂರನೆಯದು ಅರ್ಧಕ್ಕೇ ನಿಲ್ಲುತ್ತದೆ:
'ಈ ಸಲ ಹಣ ಕಳುಹಿಸಲಾಗಲಿಲ್ಲ, ಯಾಕೆಂದರೆ'
ಆಮೇಲೆ ಬಿಳಿ.
ಅದರ ಕೆಳಗೆ ಬೇರೆ ಶಾಯಿ, ಬೇರೆ ಕೈ:
'ದಿಪಾವಳಿಗೆ ತಪ್ಪದೇ ಬರುತ್ತೇನೆ.'
ದೀರ್ಘ ಎಳೆಯಲು ಯಾವತ್ತೂ ಸೋಮಾರಿ
ನಮ್ಮ ಸೋದರಮಾವ.
ಅವ್ವನಿಗೆ ಕಾಗದ ಓದಿ ಹೇಳುತ್ತಿದ್ದವನು ಅವನೇ.

ಪಾದ್ರಿ ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.
ಓದಲು ಬರುವುದಿಲ್ಲ, ಆದರೂ
ಕೈ ಬದಲಾದ ಜಾಗಕ್ಕೆ ಬೆರಳಿಟ್ಟರು.
ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದೂ ಹೀಗೇ ಅಂದರು,
ಸಮಾಧಿಯಿಂದ ಓಡಿದ ಹೆಂಗಸರ ಭಯದಲ್ಲಿ
ಒಂದು ಪುಟ್ಟ 'ಯಾಕೆಂದರೆ'ಯ ಮೇಲೆ
ಮುಗಿಯದೆ ಮುಗಿಯುತ್ತದೆ.
ಮುಂದಿನ ಹತ್ತು ಹನ್ನೆರಡು ಸಾಲು
ಯಾರೋ ತಡೆಯಲಾಗದೆ ಸೇರಿಸಿದ್ದು.

"ಕೊನೆಯ ಹಾಳೆ ಹರಿದುಹೋಯಿತೇ?
ಬರೆಯುವವನೇ ಹೋದನೇ?
ಅಲ್ಲೇ ನಿಲ್ಲಿಸಬೇಕು ಅನ್ನಿಸಿತೇ?"
"ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ," ಅಂದರು.
ಕೆಳಗೆ ರಸ್ತೆಯಲ್ಲಿ ಪಾವ್ ಮಾರುವವನ ಪೋಂ ಪೋಂ.
ಇಳಿದು ಹೋಗಿ ನಾಲ್ಕು ಕೊಂಡು ಬಂದರು, ಬಿಸಿ ಇತ್ತು.

ನನ್ನ ಅಪ್ಪನದೂ ಅಷ್ಟೇ.
ಎಂಟಾಣೆ ಮುಗಿಯಿತೋ,
ಧಕ್ಕೆಯ ಸೈರನ್ ಕೂಗಿತೋ.

"ಮಾವನ ಸಾಲು ಅಳಿಸಿಬಿಡಲೇ?"
"ಬೇಡ. ಮೂಲದ್ದಲ್ಲ, ನಿಜ.
ಆದರೆ ಅದನ್ನು ನಂಬಿ ಜನ ಬದುಕಿದ್ದಾರೆ.
ಅಂಥದಕ್ಕೆ ನಾವು ಜೋಡಿ ಕಂಸ ಹಾಕುತ್ತೇವೆ."

ಅವ್ವ ಆ ವರ್ಷ ಎಣ್ಣೆ ಕಾಯಿಸಿಟ್ಟು
ಹಂಡೆಯ ಕೆಳಗೆ ಉರಿ ಆರದಂತೆ
ಮೂರು ದಿನ ಒಲೆಯ ಮುಂದೆ ಕೂತಿದ್ದಳು.

ಸೀಸದ ಕಡ್ಡಿಯಿಂದ, ತೆಳ್ಳಗೆ,
ಆ ಕಡೆ ಎರಡು, ಈ ಕಡೆ ಎರಡು.
'ಯಾಕೆಂದರೆ'ಯ ಮುಂದಿನ ಬಿಳಿ ಮುಟ್ಟಲಿಲ್ಲ.

ಕೋಳಿ ಏನಾಯಿತು, ಕೇಳಿದರು ಪಾದ್ರಿ.
ಮಾರಲಿಲ್ಲ, ಅಂದೆ.