ಕಾಜಾ

ಕಾರ್ಡು ಮೊದಲು ಬಂತು.
ಐದು ತಿಂಗಳು ಪ್ಯಾಂಟು ಮಡಚಿ, ಸ್ಟಿಕ್ಕರ್ ಹಚ್ಚಿ
ಎರ್ರಿಸ್ವಾಮಿ ಕೂಡಿಸಿದ ರೊಕ್ಕ
ಮೋತಿ ಸರ್ಕಲ್ಲಿನ ಹತ್ರ ಬಾಗಿಲು ಹಾಕಿದ
ಗೇಮಿಂಗ್ ಸೆಂಟರಿನವನ ಕೈ ಸೇರಿ,
ಸಂತಿಯಿಂದ ಹುಂಜ ತಂದಂಗ
ಟವೆಲ್ಲಿನಾಗ ಸುತ್ತಿ ಬಗಲಾಗ ಹಿಡಕೊಂಡು ತಂದ.
ಎರಡು ಫ್ಯಾನು. ಗೇಣಿನ ಮ್ಯಾಲ ಎರಡು ಬಟ್ಟು ಉದ್ದ.
"ಎಲ್ಲಿ ಹಾಕ್ತೀ ಇದನ್ನ?" ಅಂದೆ.
"ಅದಕ್ಕ ಮದರ್‌ಬೋರ್ಡ್ ಬೇಕಮ್ಮಾ."
ನೋಡ್ರಿ, ಗುಂಡಿ ತಂದಾನ,
ಅಂಗಿ ಇನ್ನಾ ಹೊಲಿದಿಲ್ಲ.

ನಾನು ಕೌಲ್ ಬಜಾರಿನ ಶೆಡ್ಡಿನಾಗ ಕಾಜಾ ಹಾಕಾಕಿ.
ಹತ್ತೊಂಬತ್ತು ವರ್ಷ.
ದಿನಕ್ಕ ಆರುನೂರು ಸೊಂಟಪಟ್ಟಿ
ನನ್ನ ಮಿಷಿನ್ನಿನ ಬಾಯಾಗ ಹೋಗಿ
ಒಂದೊಂದು ಕಣ್ಣು ತೆರಕೊಂಡು ಬರ್ತಾವ.
ಬಿಗಿಯಾದ್ರ ಹೆಬ್ಬೆಟ್ಟು ನೋಯ್ತೈತಿ,
ಸಡಲಾದ್ರ ಬಸ್ಸಿನಾಗ ಮಾನ ಹೋಗ್ತೈತಿ.
ನನಗ ಗೊತ್ತಿರೋ ಇಂಜಿನಿಯರಿಂಗು ಇಷ್ಟೇ.

ಅಂಗಡಿ ಖಾಜಾಹುಸೇನಂದು.
"ನೀನೂ ಖಾಜಾ, ನಂದೂ ಕಾಜಾ" ಅಂತ ನಗಿಸಿದೆ,
ರೇಟು ಇಳೀಲಿ ಅಂತ.
ನಕ್ಕ. ಇಳಿಸಲಿಲ್ಲ.

ಗಾಜಿನ ಮ್ಯಾಲ ಮೂರು ಹಲಗಿ ಹಾಸಿದ.
ಒಂದು, ಮದುವಿ ಮನಿ ಹಂಗ ಲೈಟು ಹೊಡಿಯೋದು, ಹದಿನೆಂಟು ಸಾವಿರ.
ಮಗನ ಕಣ್ಣು ಅಲ್ಲೇ ನಟ್ಟಿತು.
ಒಂದು, ಎಲ್ಲೋ ಬಿಚ್ಚಿ ಒರೆಸಿದ್ದು, ಹೆಸರಿಲ್ಲ, ಊರಿಲ್ಲ.
"ನಡೀತೈತಿ ಅಕ್ಕಾ" ಅಂದ.
"ಎಷ್ಟು ದಿನ?" ಅಂದ್ರ ಮೊಬೈಲ್ ನೋಡಿದ.
ಇನ್ನೊಂದು ಕರೀದು, ಡಬ್ಬಿ ಮ್ಯಾಲ ಕೆಂಪು ಧೂಳು.

"ಇವುದರಾಗ ಕಾಜಾ ಎಲ್ಲೈತಿ?"
ಇಬ್ಬರೂ ನನ್ನ ಮುಖ ನೋಡಿದರು.
ಸ್ಲಾಟು ಅಂತಾರಂತ ಅದಕ್ಕ.
ಒಳಗ ಹದಿನಾರು ದಾರಿ ಇರ್ಬೇಕಂತ.
ಒರೆಸಿದ್ದರಾಗ ಬಾಯಿ ಉದ್ದಕ ಐತಿ, ದಾರಿ ನಾಲ್ಕೇ.
ತೋರಿಕಿ ಕಾಜಾ! ನಮ್ಮಲ್ಲೂ ಮಾಡ್ತಾರ,
ಅಗ್ಗದ ಪ್ಯಾಂಟಿನ ಹಿಂದಿನ ಜೇಬಿಗೆ:
ಸುತ್ತ ದಾರ ಐತಿ, ನಡುವ ಸೀಳಿಲ್ಲ.

ಟೇಪು ಹೆಂಗೂ ನನ್ನ ಕೊರಳಾಗ ಇತ್ತು.
ಕಾರ್ಡಿನ ದಪ್ಪ ಅಳದೆ.
ಎರಡು ಸಾಲು ನುಂಗಿ ಮೂರನೇದರ ಅರ್ಧಕ್ಕ ಬರ್ತೈತಿ;
ಲೈಟಿನದರಾಗ ಡಿಸ್ಕಿನ ವೈರು ಸಿಗಸೋ ಜಾಗಾನ ಮುಚ್ಚಿಬಿಡ್ತೈತಿ.
ಪ್ರೊಸೆಸರು ಬ್ರೂಸ್‌ಪೇಟೆಯ ಗೆಳೆಯನ ಹಳೇದು,
ಅದೂ ಕೂಡ್ಬೇಕು.
ಕರೀದರ ಮೂಲ್ಯಾಗ ಬಳ್ಳಾರಿ ಗುಡ್ಡದಂಥದೊಂದು
ಲೋಹದ ದಿಮ್ಮಿ. ಉಗುರು ಮುಟ್ಟಿಸಿ "ಇದೇನು?" ಅಂದೆ.
"ಬಿಸಿ ಕುಡಿಯೋದು."
ನಮ್ಮ ಮನಿ ತಗಡಿಂದು.
ಏಪ್ರಿಲ್ಲಿನ ಮಧ್ಯಾಹ್ನ ಚಿಲಕ ಮುಟ್ಟಿದ್ರ ಬೊಬ್ಬಿ.
"ಗುಡ್ಡ ದೊಡ್ಡದಿರೋದು ಕೊಡು" ಅಂದೆ.
ಎಂಟು ಸಾವಿರದ ಒಂಬೈನೂರು.

ರಾಯಲ್ ಸರ್ಕಲ್ ದಾಟೋತನಕ ಗಾಡಿ ಮ್ಯಾಲ
ಮಗ ತುಟಿ ಬಿಚ್ಚಲಿಲ್ಲ.
ಆಮ್ಯಾಲ, "ಲೈಟ್ ಇದ್ದಿದ್ರ..." ಅಂದ.
"ದೀಪಾವಳಿಗೆ ಒಂದು ಸರ ತರ್ತೀನಿ,
ಅದರ ಕೊರಳಿಗೆ ಸುತ್ತು."

ಕಾರ್ಡು ಕೂಡುವಾಗ ಟಕ್ ಅಂತು.
ಆ ಸದ್ದಿಗೆ ನನ್ನ ಹೆಬ್ಬೆಟ್ಟು ತಾನೇ ಅಲ್ಲಾಡಿತು.
ಆದ್ರ ತೂಕಕ್ಕ ಒಂದು ಕಡಿ ಜೋತು ಬಿತ್ತು.
ಮಗ ಅಂತರ್ಜಾಲ ಹುಡುಕಾಕ ಹತ್ತಿದ, ಅದಕ್ಕೂ ಒಂದು ಕಂಬ ಮಾರ್ತಾರಂತ, ಆರುನೂರು.
ನಾನು ದಾರ ಮುಗಿದ ಕೋನು ತಂದು ಕೆಳಗ ಊರಿದೆ.
ಈಗಲೂ ಅಲ್ಲೇ ಐತಿ,
ಬುಡದಾಗ ಒಂದೆಳಿ ಹಳದಿ ದಾರ.

ನಿನ್ನೆ ರಾತ್ರಿ ನೀರು ಕುಡಿಯಾಕ ಎದ್ದೆ.
ಪರದೆಯಾಗ ಒಬ್ಬ ಸಿಪಾಯಿ
ಗ್ವಾಡಿಗೆ ಬೆನ್ನು ಹಚ್ಚಿ ನಿಂತಾನ. ಸುತ್ತ ಮಂಜು.
ಅವನ ಪ್ಯಾಂಟಿನ ಪಕ್ಕದ ಹೊಲಿಗಿ ಜೋಡಿಸೂಜಿದು,
ಒಂದೊಂದು ಟಾಕಾ ಎಣಿಸಬಹುದು.
ಮೊಣಕಾಲಿನ ಸವಕಳಿ ಸುದ್ದಾ ಖರೇ.
ಯಾರೋ ಕುಂತು ನೋಡಿ ಬರದಾರ, ಪುಣ್ಯಾತ್ಮರು.
"ತಡಿ. ನಡಾ ತೋರ್ಸು."
"ಅಮ್ಮಾ, ಸರಿ, ಸಾಯ್ತೀನಿ!"
ಸೊಂಟದಾಗ ಹಿತ್ತಾಳಿ ಗುಂಡಿ ಹೊಳೀತೈತಿ.
ಪಟ್ಟಿ ಮ್ಯಾಲ ಹುಡುಕಿದೆ, ಎಡಕ್ಕ, ಬಲಕ್ಕ.
ಕಾಜಾನೇ ಇಲ್ಲ.
ಇಷ್ಟು ದೊಡ್ಡ ಯುದ್ಧಕ್ಕ
ಇವ ಹೆಂಗ ಹೊಂಟಾನ?