ಜರಡಿ

ಕರ್ತನೇ, ನಿನ್ನ ಹೆಸರಲ್ಲಿ ಬಂದವರೆಲ್ಲ
ನನಗೊಂದೊಂದು ದಾರಿ ತೋರಿಸಿ ಹೋದರು.

ತಗಡಿನ ಸಭೆಯ ಪಾಸ್ಟರ್ ಇಮ್ಮಾನುವೇಲಪ್ಪ
ಮೈಕು ಕಿರುಚುವಷ್ಟು ಹತ್ತಿರ ಹಿಡಿದು ಹೇಳಿದರು:
ಸೂಜಿ ಬಿಡಲಿ ನಿನ್ನ ಗಂಡ, ವಿಶ್ವಾಸ ಸಾಕು.
ಹರಿಹರದಿಂದ ಬಂದ ಪ್ರವಾದಿನಿ ಕಣ್ಣು ಮುಚ್ಚಿ
ಸಕ್ಕರೆ ಕಾಯಿಲೆ ಇವನಜ್ಜನ ಪಾಪ ಅಂದಳು,
ಭದ್ರಾ ಕಾಲುವೆಯಲ್ಲಿ ನಮ್ಮನ್ನು ಇನ್ನೊಮ್ಮೆ ಮುಳುಗಿಸಿದಳು.
ನೆಗಡಿ ಬಂತು.
ದೊಡ್ಡ ದೇವಾಲಯದ ಅಯ್ಯನವರು ಎರಡೂ ತಪ್ಪು ಅಂತ
ಮೊದಲ ದೀಕ್ಷಾಸ್ನಾನದ ಚೀಟಿ ಹುಡುಕಿಸಿದರು.
ಲೋಕದ ಕಡೇ ದಿನವೂ ಒಂದು ಬಂದಿತ್ತು, ಮಂಗಳವಾರ.
ಅವತ್ತೂ ದಾವಣಗೆರೆಗೆ ಮಂಡಕ್ಕಿ ಬೇಕಾಗಿತ್ತು;
ಹದಿನಾಲ್ಕು ಚೀಲ ಹುರಿದೆವು.

ಬಾಣಲೆಯಲ್ಲಿ ಮರಳೂ ಅಕ್ಕಿಯೂ ಒಂದೇ ಬಿಸಿ.
ಜರಡಿಗೆ ಬಿದ್ದ ಮೇಲೆ ತಾನೇ ಗೊತ್ತಾಗೋದು
ಯಾವುದು ಉದುರುತ್ತೆ, ಯಾವುದು ಉಳಿಯುತ್ತೆ.
ಆದರೆ ಮರಳಿಲ್ಲದೆ ಅಕ್ಕಿ ಅರಳೋದಿಲ್ಲ,
ಅದನ್ನೂ ಮೂವತ್ತು ವರ್ಷದಿಂದ ನೋಡಿದ್ದೀನಿ.

ಮೊನ್ನೆ ರಾತ್ರಿ ಮೊಣಕಾಲೂರಿ ಕೇಳಿದೆ,
ಇದರಲ್ಲಿ ಯಾರ ಮಾತು ನಿನ್ನದು?
ನೀನು ಏನೂ ಹೇಳಲಿಲ್ಲ.
ಭಟ್ಟಿಯ ಹೊಟ್ಟಿನ ಹೊಗೆ ಕಿಟಕಿಯೊಳಗೆ ಬಂತು,
ದೇವದಾನ ಎದ್ದು ನಾಲ್ಕನೇ ಸಲ ನೀರು ಕುಡಿದ.

ಬೆಳಿಗ್ಗೆ ಪಕ್ಕದ ಮನೆಯ ಮೆಹರುನ್ನಿಸಾ
ತನ್ನ ಫ್ರಿಜ್ಜಿನಿಂದ ಇನ್ಸುಲಿನ್ ಶೀಷೆ ತಂದಳು.
ನಾವು ಬಿಟ್ಟ ಇಪ್ಪತ್ತು ದಿನವೂ
ಮೊಸರಿನ ಪಕ್ಕ ಎತ್ತಿಟ್ಟಿದ್ದಳಂತೆ.
"ತಾರೀಕು ಇನ್ನೂ ಐತೆ ನೋಡು" ಅಂದಳು, ಬೇರೇನೂ ಅನ್ನಲಿಲ್ಲ.

ಶೀಷೆ ತಣ್ಣಗಿತ್ತು.
ಸುಟ್ಟ ಕಲೆಗಳ ಈ ಅಂಗೈಯಲ್ಲಿ
ಅದು ಬೆಚ್ಚಗಾಗುವ ತನಕ ಹಿಡಿದುಕೊಂಡು ಕೂತೆ.
ಪ್ರಾರ್ಥನೆ ಅಂತ ಬೇರೆ ಮಾಡಲಿಲ್ಲ ಅವತ್ತು.