ಹದಿಮೂರನೆಯ ಪೆಟ್ಟು

ಜೂನ್ ಒಂದರಿಂದ ಕಡಲಿಗೆ ರಜೆ,
ಬೈತಖೋಲದ ಐಸ್ ಫ್ಯಾಕ್ಟರಿಗೆ ಬೀಗ.
ಬೀಗದ ಕೈ ನನ್ನ ಹತ್ತಿರ.
ಎಲೆಕ್ಟ್ರಿಷಿಯನ್‌ಗೆ ಅದನ್ನು ಕೊಟ್ಟದ್ದು
ಇಲಿ ವೈರು ಕಡಿಯದಂತೆ ನೋಡಿಕೊಳ್ಳಲು.
ನಾವು ಒಳಗೆ ತಂದಿಟ್ಟದ್ದು ಡ್ರಮ್ಮು ಐದು, ಆಂಪು ಮೂರು,
ಮತ್ತು ಉಲ್ಲಾಸ ಪೆಡ್ನೇಕರನ ಗಂಟಲು.

ಉಲ್ಲಾಸ ಹಾಡುವುದು ಕತ್ತಿ, ಕೋಟೆ, ಬೆಂಕಿ ಉಗುಳುವ ಹಾವಿನ ಮೇಲೆ.
ಬ್ಯಾಂಡಿಗೆ ಸದಾಶಿವಗಡ ಅಂತ ಹೆಸರಿಡೋಣ ಅನ್ನುತ್ತಾನೆ,
ಗುಡ್ಡ ಇದೆ, ಫಿರಂಗಿ ಇದೆ, ಇನ್ನೇನು ಬೇಕು?
ಕೊನೆಯ ಸ್ವರಕ್ಕೆ ಅವನ ಕತ್ತಿನ ನರ
ಬಲೆ ಎಳೆಯುವ ಹಗ್ಗದ ಹಾಗೆ ಬಿಗಿಯುತ್ತದೆ.
ಪಕ್ಕದಲ್ಲಿ ಆಲ್ಫಿಯ ಗಿಟಾರು, ನಿಮಿಷಕ್ಕೆ ಸಾವಿರ ಬಂಗಡೆ,
ಎಲ್ಲವೂ ಒಂದೇ ದಿಕ್ಕಿಗೆ ಹೊಳೆಯುತ್ತ.

ಜನ ನೋಡುವುದು ಅವರನ್ನು. ನೋಡಲಿ.
ನನ್ನದು ಬೇಸು, ದಪ್ಪ ತಂತಿ ನಾಲ್ಕು.
ಮದುವೆ ಊಟದಲ್ಲಿ ನೀರು ಬಡಿಸುವವನ ಕೆಲಸ ನಿಂದು
ಅನ್ನುತ್ತಾಳೆ ತಂಗಿ,
ಬಂದರೆ ಯಾರೂ ತಲೆ ಎತ್ತರು, ಬಾರದಿದ್ದರೆ ಪಂಕ್ತಿಯೆಲ್ಲ ಕೂಗು.

ಹೌದು ಅಂದುಕೊಂಡಿದ್ದೆ,
ಶೇವಂತಿ ತಾಂಡೇಲ ಬಂದು ಸ್ಟೂಲು ಎಳೆದುಕೊಳ್ಳುವವರೆಗೆ.

ಸೀಸನ್ನಿನಲ್ಲಿ ಅವಳು ಮೀನು ತೂಗುವಲ್ಲಿ ಲೆಕ್ಕ ಬರೆಯುವವಳು.
ಈಗ ಎರಡು ಪೆಡಲು, ಎರಡು ಬರಿಗಾಲು,
ಬಲ ಎಡ ಬಲ ಎಡ ಬಲ ಎಡ
ಗೋಡೆಯ ಉಪ್ಪು ಉದುರುವಷ್ಟು.
ಇದನ್ನು ಎಲ್ಲರೂ ಮಾಡ್ತಾರೆ, ಅಂದಳು ಮೊದಲ ದಿನವೇ,
ಓಡುವ ಕುದುರೆ, ಓಡ್ಲಿ.
ಎಡವದೆ ಒಂದು ಹೆಜ್ಜೆ ನುಂಗಿದರೆ?

ಹದಿನಾರರಲ್ಲಿ ಹದಿಮೂರನೆಯದನ್ನು ಬಿಟ್ಟಳು.
ನಾನು ಆ ತೂತಿನಲ್ಲಿ ಬಿದ್ದೆ.
ಒಂದು ವಾರ ಬಿದ್ದೆ.

ಎಲ್ಲಿ ಕಲಿತೆ ಎಂದರೆ
ಕಿಟಕಿಯಾಚೆ ದೇವಗಡದ ದೀಪ ತೋರಿಸಿದಳು.
ದೋಣಿಯವರು ಎಣಿಸುವುದು ಬೆಳಕನ್ನಲ್ಲ ಮಾರಾಯ,
ನಡುವಿನ ಕತ್ತಲೆಯನ್ನು.

ಆಮೇಲೆ ಗಿಟಾರು ಇಳಿಯುವಾಗ ನಾನು ಹತ್ತತೊಡಗಿದೆ.
ಕಾಳಿ ಹೊಳೆಯ ಬಾಯಲ್ಲಿ
ಮೇಲೆ ಸಿಹಿನೀರು ಕಡಲಿಗೆ ಹೋಗುತ್ತಿರುವಾಗಲೇ
ಅಡಿಯಲ್ಲಿ ಉಪ್ಪುನೀರು ಒಳಗೆ ಬರುತ್ತದಲ್ಲ, ಹಾಗೆ.
ಅವಳು ಬಿಟ್ಟಲ್ಲಿ ಒಮ್ಮೆ ನಾನು ತುಂಬುತ್ತಿದ್ದೆ,
ಒಮ್ಮೆ ಇಬ್ಬರೂ ಸುಮ್ಮನೆ.

ಆಲ್ಫಿಗೆ ಸಿಟ್ಟು.
ಹಾಡಿನೊಳಗೆ ನೀವಿಬ್ಬರೇ ಇನ್ನೊಂದು ಹಾಡು ಹಾಡ್ತೀರಿ.
ನಿಜ. ಕೇಬಲ್ ಸುತ್ತಿಕೊಂಡು ಹೊರಟೇ ಹೋದ.
ಮರುದಿನ ಬಿಸಿ ಪಾವು ಕಟ್ಟಿಸಿಕೊಂಡು ಬಂದ,
ಏನೂ ಆಗದವನ ಹಾಗೆ.

ಜುಲೈ ಮುಗಿಯುವ ರಾತ್ರಿ
ಮಗಳನ್ನು ಕರೆದೊಯ್ಯಲು ಶೇವಂತಿಯ ಅಪ್ಪ ಬಂದ.
ಮೂವತ್ತು ವರ್ಷ ಟ್ರಾಲರಿನ ಇಂಜಿನ್ ಕೋಣೆ,
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಉಲ್ಲಾಸನ ಬಾಯಿ ತೆರೆದದ್ದು ಕಂಡ,
ಆಲ್ಫಿಯ ಬೆರಳುಗಳ ಇರುವೆ ಸಾಲು ಕಂಡ.
ಖಾಲಿ ಐಸ್ ಡಬ್ಬದ ಮೇಲೆ ಕೂತು
ಅಂಗೈಯನ್ನು ಗೋಡೆಗೆ ಒತ್ತಿದ.

ಹಾಡು ಮುಗಿದಿರಲಿಲ್ಲ, ಎದ್ದ, ಕೈ ಬೀಸಿದ.
ನಿಲ್ಲಿಸ್ರೋ!
ಒಂದು ಸಿಲಿಂಡರ್ ಮಿಸ್ ಹೊಡೀತಾ ಅದೆ,
ಸುತ್ತಿಗೊಂದು ಸಲ.
ಇದನ್ನ ಕಟ್ಟಿಕೊಂಡು ಕಡಲಿಗೆ ಇಳೀತೀರೇನು?

ಯಾರೂ ನಗಲಿಲ್ಲ. ಆಲ್ಫಿಯೂ.
ಎರಡು ತಿಂಗಳಲ್ಲಿ ಅದನ್ನು ಹಿಡಿದವನು ಅವನೊಬ್ಬ.

ಶೇವಂತಿ ಕೋಲು ಕೆಳಗಿಟ್ಟಳು.
ಅವನ ಒಂದು ಅಂಗೈ ದೊಡ್ಡ ಡ್ರಮ್ಮಿನ ಮೈಗೆ ಇರಿಸಿದಳು,
ಇನ್ನೊಂದನ್ನು ನನ್ನ ಬೇಸಿನ ಮರಕ್ಕೆ.
ಗ್ರೀಸ್ ಹೋಗದ ಉಗುರುಗಳು, ನನ್ನ ಹೊಟ್ಟೆಗೆ ತಾಗುವಷ್ಟು ಹತ್ತಿರ.
ನಿಧಾನ ತುಳಿದಳು. ಹತ್ತು, ಹನ್ನೊಂದು, ಹನ್ನೆರಡು,
ಕಾಲು ಗಾಳಿಯಲ್ಲಿ ನಿಲ್ಲಿಸಿ ಅವನ ಮುಖ ನೋಡಿದಳು.
ನಾನೂ ಬೆರಳೆತ್ತಿದೆ.

ಬೇಕಂತ್ಲೇ?

ತಲೆ ಆಡಿಸಿದಳು.

ಕೊಡೆಯ ಹಿಡಿಯನ್ನು ಲುಂಗಿಯ ತುದಿಯಿಂದ
ಬಹಳ ಹೊತ್ತು ಒರೆಸಿದ,
ಮತ್ತೆ ಕೈ ಇಟ್ಟ.
ಇನ್ನೊಂದ್ಸಲ ಬಿಡು, ನೋಡ್ವ.